ಸೇಲಂ ದಾರಿಯ ಸುದ್ದಿ

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ 43 ಜನ ಇದ್ದೇವೆ. ಜುಬೈಲ್‌ನಲ್ಲಿ ನಾಲ್ವರು, ದುಬೈಯಲ್ಲಿ ಆರು ಮಂದಿ, ಬೆಂಗಳೂರಿನಲ್ಲಿ ಒಂದಿಷ್ಟು, ಉಳಿದವರು ಊರಿನಲ್ಲಿ. ಸುಬಹಿ ಕಳೆದ ಮೇಲೆ ಸಲಾಂ, ಹೂವಿನ ಚಿತ್ರ, ದುಆ. ಹತ್ತು ಗಂಟೆಗೆ ಯಾರದೋ ಮಗುವಿನ ಫೋಟೊ. ಮಧ್ಯಾಹ್ನ ಊಟದ ನಂತರ ರಾಜಕೀಯ. ನಿಮ್ಮ ಮನೆಯ ಗ್ರೂಪೂ ಹೆಚ್ಚು ಕಡಿಮೆ ಹೀಗೇ ಇರಬೇಕು. 2016ರ ಸೆಪ್ಟೆಂಬರ್ 12ರ ಸಂಜೆ ಈ ಗ್ರೂಪಿಗೆ ನಾನು ಒಂದು ಸುದ್ದಿ ಹಾಕಿದೆ. ಅದು ಸುಳ್ಳಾಗಿತ್ತು. ಅದನ್ನು ಬರೆದಿಡಬೇಕೆಂದು ಅನೇಕ ಸಲ ಕುಳಿತು ಎದ್ದಿದ್ದೇನೆ. ಸರಿಯಾಗಿ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ, ಸೇಲಂ ಧರ್ಮಪುರಿಯ ದಾರಿಯಿಂದಲೇ ಶುರು ಮಾಡಬೇಕು.

ಉಮ್ಮನ ಅಣ್ಣ, ನಮ್ಮ ದೊಡ್ಡ ಮಾಮ, ಮಂಗಳೂರು ಬಂದರಿನ ಧಾನ್ಯದ ಅಂಗಡಿಗಳಿಗೆ ಸೇಲಂನಿಂದ ಸಬ್ಬಕ್ಕಿ ತರಿಸಿ ಕೊಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಮಾಲು ಬರುವುದು ನಿಂತಾಗ ಸೇಲಂ ಸುತ್ತಮುತ್ತ ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಮಿಲ್ಲುಗಳು ಎದ್ದವು. 1981ರಲ್ಲಿ ಆ ಮಿಲ್ಲಿನವರೆಲ್ಲ ಸೇರಿ ಸೇಗೋಸರ್ವ್ ಎಂಬ ಸಹಕಾರಿ ಸಂಘ ಕಟ್ಟಿದರು. ಮಾಮನ ವ್ಯಾಪಾರ ದೊಡ್ಡದೇನಲ್ಲ, ವರ್ಷಕ್ಕೆ ಕೆಲವೇ ಲೋಡು. ಆದರೆ ಮಾತಿನ ಮೇಲೆ ನಡೆಯುತ್ತಿತ್ತು. "ಮಾಲು ಒಣಗಿದೆ, ಬಿಳಿ ಇದೆ" ಎಂದು ಅವರು ಕಾರ್ಡು ಬರೆದರೆ ಬಂದರಿನವರು ಮೂಟೆ ನೋಡದೆ ದುಡ್ಡು ಕಟ್ಟುತ್ತಿದ್ದರು. ಈ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ಸೀಮೆ ನಮಗೆ ಪೂರಾ ಅನ್ಯವೂ ಅಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಿಟ್ಟುಕೊಟ್ಟ ಬಾರಾಮಹಲ್ ಎಂದರೆ ಇದೇ ಧರ್ಮಪುರಿ, ಕೃಷ್ಣಗಿರಿಯ ಕಡೆ. ಕಂಪೆನಿಯವರು ಅಲ್ಲಿ ಅಲೆಗ್ಸಾಂಡರ್ ರೀಡ್‌ನನ್ನೂ ಅವನ ಕೈಕೆಳಗೆ ಥಾಮಸ್ ಮನ್ರೋನನ್ನೂ ಕಂದಾಯಕ್ಕೆ ಹಾಕಿದರು. ಟಿಪ್ಪು ಮಡಿದ 1799ರಲ್ಲಿ ಅದೇ ಮನ್ರೋ ನಮ್ಮ ಕನರಾಕ್ಕೆ ಕಲೆಕ್ಟರ್ ಆಗಿ ಬಂದ. ನಮ್ಮ ಗದ್ದೆ ತೋಟಗಳ ತೀರ್ವೆ ಲೆಕ್ಕದ ವಿದ್ಯೆ ಅವನಿಗೆ ಸಿಕ್ಕಿದ್ದು ಧರ್ಮಪುರಿಯಲ್ಲಿ. ಆ ಕಡೆ ಈಗಲೂ ಮನೆಯಲ್ಲಿ ಕನ್ನಡ, ತೆಲುಗು ಮಾತಾಡುವ ಕುಟುಂಬಗಳಿವೆ. ಕಾವೇರಿ ಆ ಜಿಲ್ಲೆಯನ್ನು ಮುಟ್ಟುವ ಹೊಗೇನಕಲ್ಲಿನ ಹೆಸರೇ ಕನ್ನಡ, ಹೊಗೆಯ ಕಲ್ಲು. ಸರಕಾರದ ಗೆರೆಗಳು ಮಾತ್ರ ಬದಲಾಗುತ್ತಲೇ ಇದ್ದವು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು, 1997ರಲ್ಲಿ ನಾಮಕ್ಕಲ್, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ಎಂದರೆ 1991ರಲ್ಲಿ ಅತ್ತಿಬೆಲೆ ದಾಟಿ ಹೊಸೂರಿಗೆ ಕಾಲಿಟ್ಟವನು ಧರ್ಮಪುರಿ ಜಿಲ್ಲೆಗೆ ಕಾಲಿಟ್ಟಂತೆ.

1991 ಎಂದದ್ದಕ್ಕೆ ಕಾರಣವಿದೆ. ಆ ವರ್ಷ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪನವರ ಸರಕಾರ ಅದರ ವಿರುದ್ಧ ಸುಗ್ರೀವಾಜ್ಞೆ ತಂದದ್ದು, ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದ್ದು ನಿಮಗೆ ಗೊತ್ತು. ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್ಟಿನಲ್ಲಿ ಬಂದ ಕೂಡಲೇ ಬೆಂಗಳೂರು, ಮೈಸೂರು ಕಡೆ ತಮಿಳರ ಮೇಲೆ ಗಲಭೆ ಶುರುವಾಯಿತು. ಗಲಭೆಯಲ್ಲಿ, ಗೋಲಿಬಾರಿನಲ್ಲಿ ಜನ ಸತ್ತರು. ಕೂಲಿ ಮಾಡುವ ಸಾವಿರಾರು ತಮಿಳು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದವು.

ಆ ವಾರ ಮಾಮ ಸೇಲಂನಲ್ಲಿದ್ದರು. ನನಗೆ ಆಗ ಹನ್ನೊಂದು ವರ್ಷ. ಮನೆಗೆ ಫೋನಿರಲಿಲ್ಲ. ಎರಡನೇ ದಿನ ಹೆದ್ದಾರಿಯ ಹೋಟೆಲಿಗೆ ಬಂದ ಲಾರಿಯವನೊಬ್ಬ, ಸೇಲಂನಲ್ಲಿ ಕರ್ನಾಟಕದವರ ಅಂಗಡಿಗಳಿಗೆಲ್ಲ ಬೆಂಕಿ ಕೊಟ್ಟಿದ್ದಾರೆ ಎಂದ. ಅವನಿಗೆ ಹಾಸನದಲ್ಲಿ ಯಾರೋ ಹೇಳಿದ್ದಂತೆ. ಸಂಜೆಗೆ ಮಸೀದಿ ಜಗಲಿಯಲ್ಲಿ ಅದು ಹೆಣದ ಲೆಕ್ಕವಾಗಿತ್ತು. ಮಾಮಿ ಊಟ ಬಿಟ್ಟರು. ಮೂರನೇ ದಿನ ಟೆಲಿಗ್ರಾಂ ಬಂತು: 'ಸೇಫ್, ಕಮಿಂಗ್ ಟ್ರೈನ್'. ಮೂರೇ ಪದ, ಯಾಕೆಂದರೆ ಪದಕ್ಕೆ ಲೆಕ್ಕ ಹಾಕಿ ದುಡ್ಡು ಕೊಡಬೇಕಿತ್ತು. ಬೆಂಗಳೂರಿನ ದಾರಿ ಬಿಟ್ಟು ಈರೋಡು, ಪಾಲಕ್ಕಾಡು, ಕೋಝಿಕ್ಕೋಡು ಸುತ್ತಿ ಮಂಗಳೂರಿಗೆ ಬಂದಿಳಿದರು.

ಜಗಲಿಯಲ್ಲಿ ಜನ ಸುತ್ತ ಕೂತು ಕೇಳಿದರು, ಎಷ್ಟು ಅಂಗಡಿ ಉರಿಯಿತು, ಎಷ್ಟು ಜನ ಸತ್ತರು ಎಂದು. ಮಾಮ ಹೇಳಿದ್ದು ನನಗೆ ಹಾಗೇ ನೆನಪಿದೆ. "ನಾನು ಅಲ್ಲೇ ಇದ್ದೆ, ನನಗೆ ಬೆಂಕಿ ಕಾಣಲಿಲ್ಲ. ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನಿಂದ ಬಂದ ಮಕ್ಕಳು ಇದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ." ಕೇಳಿದವರಿಗೆ ಇದು ಸಾಕಾಗಲಿಲ್ಲ. ಮಾಮನಿಗೆ ಏನೂ ಗೊತ್ತಿಲ್ಲ, ಮಿಲ್ಲಿನ ಒಳಗೇ ಕೂತಿದ್ದರು ಎಂದು ಒಬ್ಬರು ಹೇಳಿದ್ದೂ ನೆನಪಿದೆ. ಕಣ್ಣಾರೆ ಕಂಡು ಬಂದವನಿಗಿಂತ ಹಾಸನದಲ್ಲಿ ಕೇಳಿಸಿಕೊಂಡವನಿಗೆ ಆ ದಿನ ಮರ್ಯಾದೆ ಹೆಚ್ಚು ಸಿಕ್ಕಿತು.

ಇದು ನಮ್ಮ ಜಗಲಿಯ ವಿಶೇಷವೆಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಆಮೇಲೆ ಓದುವಾಗ ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರ ಹೆಸರು ಸಿಕ್ಕಿತು. 1934ರ ಜನವರಿ 15ರಂದು ಬಿಹಾರ, ನೇಪಾಳದಲ್ಲಿ ದೊಡ್ಡ ಭೂಕಂಪವಾಯಿತಲ್ಲ, ಅದರ ನಂತರ ಹರಡಿದ ಗಾಳಿಸುದ್ದಿಗಳನ್ನು ಅವರು ಕೂಡಿಸಿ 1935ರಲ್ಲಿ ಪ್ರಕಟಿಸಿದರು. ನೆಲ ನಡುಗಿದ್ದು ಗೊತ್ತಾದ, ಆದರೆ ಗೋಡೆ ಬೀಳದ ಊರುಗಳಲ್ಲಿ ಜನ ಇನ್ನೂ ದೊಡ್ಡ ಕೇಡು ಬರುತ್ತದೆ, ಪ್ರವಾಹ ಬರುತ್ತದೆ, ಪ್ರಳಯ ಬರುತ್ತದೆ ಎಂದು ಮಾತಾಡುತ್ತಿದ್ದರು. 1952ರಲ್ಲಿ ದುರ್ಗಾನಂದ ಸಿನ್ಹಾ ಎಂಬವರು ಡಾರ್ಜಿಲಿಂಗ್‌ನ ಭೂಕುಸಿತದ ಬಗ್ಗೆ ಅಂಥದೇ ಕೆಲಸ ಮಾಡಿದರು. ಮನೆ ಕುಸಿದದ್ದನ್ನು, ಹೆಣ ತೆಗೆದದ್ದನ್ನು ಕಣ್ಣೆದುರು ಕಂಡವರಲ್ಲಿ ಆ ಬಗೆಯ ಉತ್ಪ್ರೇಕ್ಷೆ ಇರಲಿಲ್ಲ. ಅಮೆರಿಕದ ಲಿಯಾನ್ ಫೆಸ್ಟಿಂಗರ್ ಈ ಎರಡು ಬರಹಗಳನ್ನು ಎದುರುಬದುರು ಇಟ್ಟು ಯೋಚಿಸಿದರು. ಎದೆ ಹೆದರಿದೆ, ಆದರೆ ಕಣ್ಣೆದುರು ಹೆದರುವಂಥದು ಏನೂ ಇಲ್ಲ. ಆಗ ಮನಸ್ಸು ಆ ಹೆದರಿಕೆಗೆ ತಕ್ಕ ಕಾರಣ ಹುಡುಕುತ್ತದೆ. 1957ರ ಅವರ ಪ್ರಸಿದ್ಧ ಪುಸ್ತಕದ ಬೀಜ ಇಲ್ಲಿತ್ತು. ಇಂದು ಫೇಸ್‌ಬುಕ್ ವಾಟ್ಸಾಪ್ ಬಗ್ಗೆ ಸಂಶೋಧನೆ ಮಾಡುವವರು ಕಂಪ್ಯೂಟರ್ ಇಟ್ಟುಕೊಂಡು ಹುಡುಕುವ ಎಷ್ಟೋ ಸಂಗತಿ ಆ ಇಬ್ಬರು ಭಾರತೀಯರ ಕಾಗದಗಳಲ್ಲಿ ಆಗಲೇ ಇತ್ತು. ನಮ್ಮ ಶಾಲೆ ಕಾಲೇಜುಗಳಲ್ಲಿ ಅವರ ಹೆಸರು ನನಗೆ ಯಾರೂ ಹೇಳಲಿಲ್ಲ.

ಮುಂದಿನ ಸಲ ಸುದ್ದಿ ಬಂದದ್ದು ಕ್ಯಾಸೆಟ್ಟಿನಲ್ಲಿ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದ. ಹೋಗುವಾಗ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟ, ಮುಖ್ಯಮಂತ್ರಿ ಕೃಷ್ಣ ಅವರಿಗೆ ತಲಪಿಸಿ ಎಂದು. ಆಮೇಲೆ 108 ದಿನ ಕಾಡಿನಿಂದ ಕ್ಯಾಸೆಟ್ ಬರುವುದು, ನಕ್ಕೀರನ್ ಪತ್ರಿಕೆಯ ಗೋಪಾಲ್ ಹೋಗುವುದು ಬರುವುದು, ಎರಡು ರಾಜ್ಯಗಳು ಆ ಧ್ವನಿಗೆ ಕಿವಿಕೊಟ್ಟು ಕೂರುವುದು. ನವೆಂಬರ್ 15ಕ್ಕೆ ಅಣ್ಣಾವ್ರು ಬಿಡುಗಡೆಯಾಗಿ ಬಂದರು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಹತ್ತಿರ. ಅವನು ಅದಕ್ಕೂ ಮೊದಲೇ ಸಿಕ್ಕಿಬಿದ್ದಿದ್ದ, ವಿಷ ಹಾಕಿದ್ದರು ಎಂಬ ಮಾತು ಅಂದಿನಿಂದ ಇಂದಿನವರೆಗೆ ನಿಂತಿಲ್ಲ. ಆ ಕ್ಯಾಸೆಟ್ಟುಗಳಲ್ಲಿ ನನಗೆ ಕುತೂಹಲವೆನಿಸುವುದು ಇಷ್ಟು: ಒಂದು ಪ್ರತಿ ಊರಿಂದೂರಿಗೆ ಹೋಗಬೇಕಾದರೆ ಒಬ್ಬ ಮನುಷ್ಯ ಅದನ್ನು ಹೊತ್ತುಕೊಂಡು ಹೋಗಬೇಕಿತ್ತು. ಹೊತ್ತವನು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಹದಿನೈದು ವರ್ಷ ಕಳೆದು ಅದೇ ಸೀಮೆಯಲ್ಲಿ ಇನ್ನೊಂದು ಧ್ವನಿ ಹೊರಟಿತು. ಆಗ ಹೊರಲು ಯಾರೂ ಬೇಕಾಗಿರಲಿಲ್ಲ. 2015ರ ಜೂನ್ 23ರಂದು ಸೇಲಂ ಜಿಲ್ಲೆಯ ಓಮಲೂರಿನ ದಲಿತ ಯುವಕ, ಇಂಜಿನಿಯರಿಂಗ್ ಮುಗಿಸಿದ್ದ ಗೋಕುಲರಾಜ್, ಬೇರೆ ಜಾತಿಯ ಗೆಳತಿಯೊಡನೆ ತಿರುಚೆಂಗೋಡಿನ ದೇವಸ್ಥಾನಕ್ಕೆ ಹೋಗಿದ್ದಾಗ ಅವನನ್ನು ಎತ್ತಿಕೊಂಡು ಹೋದರು. ಮರುದಿನ ರೈಲು ಹಳಿಯ ಮೇಲೆ ಹೆಣ ಸಿಕ್ಕಿತು. ಅವನ ಬಾಯಿಂದ ಬಲವಂತವಾಗಿ ಹೇಳಿಸಿದ ವಿಡಿಯೊ ಫೋನಿನಿಂದ ಫೋನಿಗೆ ಹೋಯಿತು. ಮುಖ್ಯ ಆರೋಪಿ, ಜಾತಿ ಸಂಘಟನೆಯೊಂದರ ನಾಯಕ ಯುವರಾಜ್, ನೂರಕ್ಕೂ ಹೆಚ್ಚು ದಿನ ತಲೆಮರೆಸಿಕೊಂಡಿದ್ದ. ಆದರೆ ಅವನ ಮಾತು ತಲೆಮರೆಸಿಕೊಳ್ಳಲಿಲ್ಲ. ಪೊಲೀಸರಿಗೆ ಸವಾಲು ಹಾಕುವ ಆಡಿಯೊಗಳು ವಾಟ್ಸಾಪಿನಲ್ಲಿ ಬರುತ್ತಲೇ ಇದ್ದವು. ಅಕ್ಟೋಬರ್‌ನಲ್ಲಿ ನಾಮಕ್ಕಲ್‌ನಲ್ಲಿ ಶರಣಾದಾಗ ನೋಡಲು ಜನ ಸೇರಿದ್ದರು. 2022ರ ಮಾರ್ಚ್‌ನಲ್ಲಿ ಮಧುರೆಯ ವಿಶೇಷ ನ್ಯಾಯಾಲಯ ಅವನಿಗೂ ಇತರ ಒಂಬತ್ತು ಮಂದಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು. ಅಷ್ಟು ವರ್ಷ ಆ ಆಡಿಯೊಗಳನ್ನು ಹಂಚಿದವರು ಯಾರೂ ಮೋಸಹೋಗಿ ಹಂಚಿದವರಲ್ಲ. ಅದರಲ್ಲಿ ಹೇಳಿದ್ದು ಅವರಿಗೆ ಬೇಕಾಗಿತ್ತು.

2016ರ ಜೂನ್‌ನಲ್ಲಿ ಸೇಲಂ ಹತ್ತಿರದ ಇಳಂಪಿಳ್ಳೈಯಲ್ಲಿ ಪದವಿ ಮುಗಿಸಿದ ಒಬ್ಬ ಹೆಣ್ಣುಮಗಳ ಮುಖವನ್ನು ಬೇರೆ ಮೈಗೆ ಅಂಟಿಸಿ ಫೇಸ್‌ಬುಕ್ಕಿಗೆ ಹಾಕಿದರು. ಮನೆಯವರು ದೂರು ಕೊಟ್ಟರು. ದಿನಗಳು ಕಳೆದವು, ಚಿತ್ರ ಹೋಗಲಿಲ್ಲ, ಅವಳು ಹೋದಳು. ಈ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ನನಗೂ ಹೆಣ್ಣುಮಕ್ಕಳಿದ್ದಾರೆ.

ಈಗ ಆ ಸೆಪ್ಟೆಂಬರ್.

ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯುಸೆಕ್ ನೀರು ಬಿಡಿ ಎಂದದ್ದು 2016ರ ಸೆಪ್ಟೆಂಬರ್ 5ಕ್ಕೆ. 9ಕ್ಕೆ ಕರ್ನಾಟಕ ಬಂದ್. ಅದರ ಮರುದಿನ ಬೆಂಗಳೂರಿನಲ್ಲಿ, ಕನ್ನಡ ನಟರನ್ನು ಗೇಲಿ ಮಾಡಿ ಫೇಸ್‌ಬುಕ್ಕಿನಲ್ಲಿ ಬರೆದನೆಂದು ಒಬ್ಬ ತಮಿಳು ವಿದ್ಯಾರ್ಥಿಗೆ ಹೊಡೆದು ಅದರ ವಿಡಿಯೊ ಮಾಡಿದರು. ವಿಡಿಯೊ ಗಡಿ ದಾಟಿತು. ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನಿಗೆ ಹೊಡೆಯುವ ವಿಡಿಯೊ ಈಚೆ ಬಂತು. 12ರಂದು ಚೆನ್ನೈಯ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಯಿತು. ಮಧ್ಯಾಹ್ನ ಬೆಂಗಳೂರಿನಲ್ಲಿ ಕೆಪಿಎನ್ ಟ್ರಾವೆಲ್ಸ್‌ನ ಡಿಪೋಗೆ ಬೆಂಕಿ, 40ರಷ್ಟು ಬಸ್ಸುಗಳು ನಿಂತಲ್ಲೇ ಸುಟ್ಟುಹೋದವು. ಆ ಕಂಪೆನಿ ಸೇಲಂನದ್ದು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ಈ ಸಲ ವಿಡಿಯೊಗಳು ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಿ. ಪ್ರತಿಯೊಂದೂ ನಿಜವಾಗಿ ನಡೆದದ್ದೇ. ಆದರೆ ಆರು ಕೋಟಿ ಜನರ ಒಂದು ರಾಜ್ಯದಲ್ಲಿ ಒಂದು ಕೆನ್ನೆಗೆ ಬಿದ್ದ ಏಟು ಆ ಇಡೀ ರಾಜ್ಯದ ಏಟಾಗಿ ಈಚೆ ಕಾಣುತ್ತಿತ್ತು. ಆಚೆಗೂ ಹಾಗೇ.

ಮಾಮನ ಮಗ ಈಗ ಅದೇ ವ್ಯಾಪಾರ ನೋಡಿಕೊಳ್ಳುತ್ತಾನೆ. ಆ ದಿನ ಕೆಎ 19ರ ಲಾರಿಯ ಜೊತೆ ಸೇಲಂನಿಂದ ಹೊರಟು ಧರ್ಮಪುರಿ ಕಡೆ ಬರುತ್ತಿದ್ದ. ಬಕ್ರೀದಿನ ಆಸುಪಾಸಿನ ದಿನಗಳು, ಬೇಗ ಮನೆ ಸೇರುವ ಆತುರ. ಮೂರು ಗಂಟೆಯ ನಂತರ ಅವನ ಫೋನು ಸ್ವಿಚ್ ಆಫ್. ಸಂಜೆ ಆರು ಗಂಟೆಗೆ ನನ್ನ ಹಳೆ ಸಹಪಾಠಿಗಳ ಗ್ರೂಪಿಗೆ ಒಂದು ಧ್ವನಿಸಂದೇಶ ಬಂತು. ಹೇಳಿದವನ ದನಿ ನಡುಗುತ್ತಿತ್ತು: ತೊಪ್ಪೂರು ಘಾಟಿಯಲ್ಲಿ ಕರ್ನಾಟಕದ ಲಾರಿಗಳನ್ನು ಅಡ್ಡಹಾಕಿ ಬೆಂಕಿ ಕೊಡುತ್ತಿದ್ದಾರೆ, ಮಂಗಳೂರಿನ ಗಾಡಿಯೂ ಇದೆ, ಡ್ರೈವರನ್ನು ಎಳೆದು ಹಾಕಿದ್ದಾರೆ. ತೊಪ್ಪೂರು ಘಾಟಿ ಧರ್ಮಪುರಿ ಸೇಲಂ ನಡುವೆಯೇ ಇದೆ. ನನ್ನ ಕೈ ತಣ್ಣಗಾಯಿತು. ಅದನ್ನು ಮನೆಯ ಗ್ರೂಪಿಗೂ ಊರಿನ ಇನ್ನೆರಡು ಗ್ರೂಪಿಗೂ ಕಳಿಸಿದೆ. ಕೆಳಗೆ ಒಂದು ಸಾಲು ಬರೆದೆ: "ಖಚಿತ ಸುದ್ದಿ. ನಮ್ಮ ಹುಡುಗ ಅಲ್ಲೇ ಇದ್ದಾನೆ."

ಎರಡನೇ ವಾಕ್ಯ ನಿಜ. ಹುಡುಗ ಆ ಕಡೆಯೇ ಇದ್ದ. ಮೊದಲನೆಯದನ್ನು ಯಾಕೆ ಬರೆದೆ? ನನಗೆ ಖಚಿತ ಇರಲಿಲ್ಲ. ಖಚಿತ ಎಂದು ಬರೆಯದಿದ್ದರೆ ಯಾರೂ ಓಡಿ ಬರುವುದಿಲ್ಲ, ಯಾರೂ ಎಲ್ಲಿಗೂ ಫೋನ್ ಮಾಡುವುದಿಲ್ಲ ಅನ್ನಿಸಿತ್ತು. ಅಷ್ಟೇ. ಸುದ್ದಿ ಹರಡಬೇಕೆಂಬ ಆಸೆಯಿಂದ ನಾನು ಮಾಡಿದ್ದಲ್ಲ, ಸಹಾಯ ಬರಲಿ ಎಂದು ಮಾಡಿದ್ದು. ಇಂಥ ಕೆಲಸ ಮಾಡಿದವರೆಲ್ಲ ಹೀಗೆಯೇ ಹೇಳುತ್ತಾರೆ ಎಂಬುದೂ ಈಗ ಗೊತ್ತಾಗಿದೆ.

ರಾತ್ರಿ ಹತ್ತಕ್ಕೆ ಆ ಸಂದೇಶ ನನಗೇ ವಾಪಸು ಬಂತು, ನನಗೆ ಪರಿಚಯವೇ ಇಲ್ಲದ ಒಂದು ನಂಬರಿನಿಂದ, ಇನ್ಯಾವುದೋ ಗ್ರೂಪಿನಲ್ಲಿ. ಧ್ವನಿ ಅದೇ. ಕೆಳಗೆ ನನ್ನ ಸಾಲು, ಒಂದು ಸಣ್ಣ ಬದಲಾವಣೆಯೊಂದಿಗೆ: "ಖಚಿತ ಸುದ್ದಿ. ನಮ್ಮ ಹುಡುಗ ಅಲ್ಲೇ ಇದ್ದ." ಯಾರೋ ಪುನಃ ಟೈಪು ಮಾಡುವಾಗ 'ಇದ್ದಾನೆ' ಹೋಗಿ 'ಇದ್ದ' ಆಗಿತ್ತು. ನಾಲ್ಕು ಗಂಟೆಯಲ್ಲಿ ನನ್ನ ಮಾಮನ ಮಗನನ್ನು ಕನ್ನಡದ ವ್ಯಾಕರಣ ಸಾಯಿಸಿತ್ತು. ಕೆಳಗೆ ಇನ್ನಾಲಿಲ್ಲಾಹಿ ಬರೆದವರು ಎಷ್ಟೋ ಮಂದಿ.

ಆ ಹೊತ್ತಿಗೆ ಹೆದ್ದಾರಿ ಬದಿಯಲ್ಲಿ ಟಿಎನ್ 29ರ ಒಂದು ಲಾರಿ ನಿಂತಿತ್ತು. 29 ಎಂದರೆ ಧರ್ಮಪುರಿ. ಊರಿನ ಏಳೆಂಟು ಹುಡುಗರು ಅದರ ಮುಂದಿನ ಗಾಜು ಒಡೆದರು, ಚಾಲಕನನ್ನು ಇಳಿಸಿ ಕೆನ್ನೆಗೆ ಹೊಡೆದರು. ಹಿರಿಯರು ಇಬ್ಬರು ಅಡ್ಡ ಬಂದದ್ದರಿಂದ ಅಷ್ಟಕ್ಕೇ ನಿಂತಿತು. ನಾನು ಹೋಗುವಾಗ ಆ ಮನುಷ್ಯ ಚಕ್ರದ ಹತ್ತಿರ ಕೂತಿದ್ದ. ಐವತ್ತು ದಾಟಿದವನು. ಅವನ ಬಳಿ ಇದ್ದದ್ದು ಬಟನ್ ಫೋನು. ಮೂರು ದಿನದಿಂದ ಗಾಡಿಯಲ್ಲೇ ಇದ್ದ, ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟದ್ದೇ ಅವನಿಗೆ ಗೊತ್ತಿರಲಿಲ್ಲ. ಯಾಕೆ ಹೊಡೆದರು ಎಂದು ಅವನು ನನ್ನನ್ನು ಕೇಳಿದ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ಹುಡುಗರಲ್ಲಿ ಒಬ್ಬ ಫೋನು ಎತ್ತಿ ನನಗೆ ತೋರಿಸಿದ: "ಇದು ನೋಡಿ, ನೀವೇ ಹಾಕಿದ್ದಲ್ವಾ? ನೀವು ಹಾಕಿದ್ದರಿಂದ ನಂಬಿದ್ದು."

ಗಾಜಿಗೆಂದು ನಾನು ಅವನಿಗೆ ದುಡ್ಡು ಕೊಟ್ಟೆ. ಯಾಕೆ ಕೊಡುತ್ತಿದ್ದೇನೆ ಎಂದು ಹೇಳಲಿಲ್ಲ. ಊರಿನವನು ಒಳ್ಳೆಯವನು ಎಂದುಕೊಂಡು ಅವನು ಕೈ ಮುಗಿದ.

ಮಾಮನ ಮಗ ಧರ್ಮಪುರಿಯ ಆಚೆ ಒಂದು ಸಬ್ಬಕ್ಕಿ ಮಿಲ್ಲಿನಲ್ಲಿದ್ದ. ಗಲಾಟೆಯ ಸುಳಿವು ಸಿಕ್ಕಿದ ಮಿಲ್ಲಿನ ಯಜಮಾನರು ಲಾರಿಯನ್ನು ಒಳಗೆ ತರಿಸಿ, ನಂಬರ್ ಪ್ಲೇಟಿಗೆ ಗೋಣಿ ಕಟ್ಟಿ, ಅವನಿಗೂ ಚಾಲಕನಿಗೂ ಊಟ ಹಾಕಿಸಿ ಮಲಗಿಸಿದ್ದರು. ಫೋನಿನ ಚಾರ್ಜ್ ಮುಗಿದಿತ್ತು. ಬೆಳಿಗ್ಗೆ ಆರು ಗಂಟೆಗೆ ಮಿಲ್ಲಿನ ಫೋನಿನಿಂದ ಮಾತಾಡಿದ. ತೊಪ್ಪೂರಿನಲ್ಲಿ ಏನಾಯಿತು ಎಂದು ಕೇಳಿದೆ. "ತೊಪ್ಪೂರು ನಿನ್ನೆಯೇ ದಾಟಿದೆ. ಅಲ್ಲಿ ಮಂಗಗಳು ಇದ್ದವು" ಎಂದ.

ಇದರ ನಂತರ ನಾನು ಈ ವಿಷಯದ ಬರಹಗಳನ್ನು ಹುಡುಕಿ ಓದತೊಡಗಿದ್ದು. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದ ಒಂದು ದೊಡ್ಡ ಅಧ್ಯಯನದ ಭಾಗವಾಗಿ ಶ್ರೀರಾಮ್ ವೆಂಕಟರಾಮನ್ ಎಂಬವರು ಚೆನ್ನೈ ಹೊರವಲಯದ ಹಳ್ಳಿಗಳಲ್ಲಿ 15 ತಿಂಗಳು ಇದ್ದು, ಜನ ಫೋನಿನಲ್ಲಿ ಏನು ಮಾಡುತ್ತಾರೆ ಎಂದು ನೋಡಿದರು. ಪುಸ್ತಕ 2017ರಲ್ಲಿ ಬಂತು. ಅವರು ಕಂಡದ್ದು ನಮ್ಮ ಮನೆಯ ಗ್ರೂಪನ್ನೇ ಎನ್ನಬೇಕು. ಬೆಳಗಿನ ಶುಭಾಶಯದ ಚಿತ್ರಗಳು, ನೆಂಟಸ್ತಿಕೆ, ಜಾತಿ, ಯಾರು ಯಾರಿಗೆ ಏನು ಹೇಳಬಹುದು ಎಂಬ ಹಳೆಯ ಕಟ್ಟಳೆ. ಫೋನು ಬಂದ ಕೂಡಲೇ ಜನ ಹೊಸಬರಾಗಲಿಲ್ಲ, ಮನೆಯ ವ್ಯವಹಾರವೇ ಫೋನಿನೊಳಗೆ ಹೋಗಿ ಕೂತಿತು.

2018ರಲ್ಲಿ ಅಮೆರಿಕದ ಎಂಐಟಿಯ ಮೂವರು, 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹೋದ ಸುಮಾರು 1,26,000 ಸುದ್ದಿಗಳನ್ನು ಲೆಕ್ಕ ಹಾಕಿದರು. ಸುಳ್ಳು ಸುದ್ದಿಯನ್ನು ಜನ ಮತ್ತೆ ಹಂಚುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70 ಹೆಚ್ಚು. 1,500 ಜನರನ್ನು ತಲಪಲು ನಿಜಕ್ಕೆ ಸುಳ್ಳಿನ ಆರು ಪಟ್ಟು ಸಮಯ ಬೇಕಾಯಿತು. ಯಂತ್ರಗಳ ಖಾತೆಗಳನ್ನು ತೆಗೆದು ಲೆಕ್ಕ ಹಾಕಿದರೂ ಫಲ ಬದಲಾಗಲಿಲ್ಲ. ಹಂಚುವವರು ಮನುಷ್ಯರೇ.

ಅದೇ 2018 ನಮ್ಮಲ್ಲಿ ಮಕ್ಕಳ ಕಳ್ಳರ ವರ್ಷ. ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷೆಯ ಬಗ್ಗೆ ಮಾಡಿದ್ದ ಜಾಹೀರಾತಿನ ಕೊನೆಯನ್ನು ಕತ್ತರಿಸಿ, ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವಷ್ಟನ್ನೇ ಹಂಚಿದರು. ಮೇ 9ರಂದು ಧರ್ಮಪುರಿಯ ಪಕ್ಕದ ತಿರುವಣ್ಣಾಮಲೈ ಜಿಲ್ಲೆಯಲ್ಲಿ, ಕುಲದೇವರ ಗುಡಿಗೆಂದು ಚೆನ್ನೈಯಿಂದ ನೆಂಟರ ಜೊತೆ ಬಂದಿದ್ದ 65 ವರ್ಷದ ಹೆಂಗಸು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಜನ ಸೇರಿ ಹೊಡೆದು ಕೊಂದರು. ಮೇ 23ಕ್ಕೆ ಬೆಂಗಳೂರಿನಲ್ಲಿ ಕೆಲಸ ಹುಡುಕಿ ಬಂದ ರಾಜಸ್ಥಾನದ ಯುವಕ. ಜುಲೈ 13ಕ್ಕೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಮುಹಮ್ಮದ್ ಆಝಂ ಎಂಬ ಇಂಜಿನಿಯರ್. ಅವರ ಜೊತೆಗಿದ್ದವರೂ ಚಾಕೊಲೇಟೇ ಕೊಟ್ಟದ್ದು. ಒಂದು ಊರಿನಲ್ಲಿ ಜನ ಅಡ್ಡಗಟ್ಟಿದಾಗ ಅವರು ಕಾರು ಹತ್ತಿ ಹೊರಟರು. ಅಷ್ಟರಲ್ಲಿ ವಿಡಿಯೊ ಮುಂದಿನ ಊರಿಗೆ ಕಾರಿಗಿಂತ ಮೊದಲು ಮುಟ್ಟಿತ್ತು, ಅಲ್ಲಿ ದಾರಿಗೆ ಅಡ್ಡ ಹಾಕಿದ್ದರು.

ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳಿಸದಂತೆ ಮಾಡಿತು. ಈ 5ರ ಲೆಕ್ಕ ಹೊಸದಲ್ಲ. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದಾಗಲೂ, ಕೇಂದ್ರ ಸರಕಾರ 15 ದಿನ ಒಮ್ಮೆಗೆ 5 ಜನರಿಗಿಂತ ಹೆಚ್ಚು ಮಂದಿಗೆ ಸಂದೇಶ ಕಳಿಸುವುದನ್ನು ನಿಲ್ಲಿಸಿತ್ತು. ಆ ಗಾಳಿಸುದ್ದಿಯಲ್ಲಿ ಹಲ್ಲೆ ಮಾಡುವವರು ಎಂದು ಹೆಸರಿಸಿದ್ದು ಮುಸ್ಲಿಮರನ್ನು. ನಿಮಗೆ ನೆನಪಿರಬಹುದು.

2019ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಶಕುಂತಲಾ ಬಾನಾಜಿ, ರಾಮ್ ಭಟ್ ಮತ್ತು ಜೊತೆಯವರ ವರದಿ ಬಂತು. ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳಲ್ಲಿ ಜನರ ಜೊತೆ ಕೂತು ಮಾತಾಡಿ ಬರೆದದ್ದು. ಓದುಬರಹ ಬಾರದವರು, ಫೋನು ಹೊಸತಾದವರು ಅರಿಯದೆ ಹಂಚುತ್ತಾರೆ ಎಂಬ ಮಾತನ್ನು ಅದು ಒಪ್ಪುವುದಿಲ್ಲ. ಜನ ಹಂಚುವುದು ತಮ್ಮ ಮನಸ್ಸಿನಲ್ಲಿ ಮೊದಲೇ ಇರುವ ಅಸಹನೆಗೆ ಹೊಂದುವುದನ್ನು. ಮುಸ್ಲಿಮರ, ದಲಿತರ, ಆದಿವಾಸಿಗಳ ಮೇಲಿನ ಅಸಹನೆ ಅದರಲ್ಲಿ ಮುಖ್ಯ. ಮತ್ತೆ, ಕಳಿಸಿದವರು ಯಾರು ಎಂಬುದೇ ಸುದ್ದಿಯ ಸಾಕ್ಷಿ. ನನ್ನ ಊರಿನ ಹುಡುಗ ಲಾರಿಯ ಪಕ್ಕ ನಿಂತು ಹೇಳಿದ್ದೂ ಇದೇ ತಾನೆ. ಈ ವರದಿಯ ಮೊದಲ ಅರ್ಧವನ್ನು ನಮ್ಮವರಿಗೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಎರಡನೇ ಅರ್ಧ ಹೇಳಿದಾಗ ಮಾತು ಬದಲಿಸುತ್ತಾರೆ.

ತಲೆಯಾಡಿಸಲು ಕಾರಣವೂ ಇದೆ. 2020ರ ಮಾರ್ಚ್ ಕೊನೆಯಲ್ಲಿ ಸೇಲಂನಲ್ಲಿ ಕ್ವಾರಂಟೈನ್‌ನಲ್ಲಿದ್ದ ಇಂಡೋನೇಷ್ಯಾದ ನಾಲ್ವರಿಗೂ ಅವರ ಜೊತೆಗಿದ್ದ ಚೆನ್ನೈಯ ಒಬ್ಬರಿಗೂ ಕೊರೊನಾ ಇರುವುದು ಗೊತ್ತಾಯಿತು. ಅದು ಖಾಯಿಲೆಯ ಸುದ್ದಿ. ಆ ಬಳಿಕ ದೆಹಲಿಯ ನಿಝಾಮುದ್ದೀನ್ ಸುದ್ದಿ ಬಂತು, ಒಂದು ವಾರದೊಳಗೆ ಅದು ಧರ್ಮದ ಸುದ್ದಿಯಾಯಿತು. ನಮ್ಮ ಜಿಲ್ಲೆಯಲ್ಲೂ ಬ್ಯಾರಿ ವ್ಯಾಪಾರಿಗಳು ಬರಬಾರದು ಎಂಬ ಸಂದೇಶಗಳು ಓಡಾಡಿದವು. ಮೀನು, ತರಕಾರಿ ಮಾರುವ ನಮ್ಮವರು, ಮೂವತ್ತು ವರ್ಷದಿಂದ ಹೆಸರು ಹಿಡಿದು ಕರೆಯುತ್ತಿದ್ದ ಮನೆಗಳ ಗೇಟಿನ ಹೊರಗೆ ನಿಂತರು. ಮಾಮನ ಮಗ ಆ ಏಪ್ರಿಲ್‌ನಲ್ಲಿ ಸೇಲಂಗೆ ಫೋನ್ ಮಾಡಲು ಹಿಂಜರಿದ. ಮಾಲು ಕೊಡುತ್ತಾರೋ ಇಲ್ಲವೋ, ಹೇಗೆ ಕೇಳುವುದು ಎಂದು. ಅವನಿಗೆ ಊಟ ಹಾಕಿ ಮಲಗಿಸಿದ ಅದೇ ಮಿಲ್ಲಿನ ಯಜಮಾನರಿಗೆ. ಕೊನೆಗೆ ಅವರೇ ಫೋನ್ ಮಾಡಿದರು. ಅವರ ಗ್ರೂಪುಗಳಲ್ಲೂ ಆ ಚಿತ್ರಗಳೆಲ್ಲ ಬಂದಿದ್ದವಂತೆ. "ನಿಮ್ಮ ಅಪ್ಪ ಬರೆದ ಕಾರ್ಡುಗಳು ಇನ್ನೂ ಇವೆ ನನ್ನ ಹತ್ತಿರ" ಎಂದರಂತೆ, ಮತ್ತೆ ದರ ಹೇಳಿದರಂತೆ.

ಈ ಫೋನಿನ ಮಾತನ್ನು ಅವನು ನಮ್ಮ ಗ್ರೂಪಿನಲ್ಲಿ ಹಾಕಲಿಲ್ಲ. ಹಾಕು ಎಂದು ನಾನು ಹೇಳಿದ್ದೆ. "ಅದು ನನಗೆ ಅವರು ಹೇಳಿದ್ದು" ಎಂದ.

ಮಾಮ ಈಗ ಇಲ್ಲ. ಅವರು ಕೊನೆಯವರೆಗೂ ಗ್ರೂಪಿನಲ್ಲಿದ್ದರು, ಬೇರೆಯವರ ಸಂದೇಶವನ್ನು ಮುಂದಕ್ಕೆ ಕಳಿಸಿದ್ದು ನನಗೆ ನೆನಪಿಲ್ಲ. ಹೇಗೆ ಕಳಿಸುವುದು ಎಂಬುದು ಗೊತ್ತಿರಲಿಲ್ಲ ಎಂದು ಮಕ್ಕಳು ತಮಾಷೆ ಮಾಡುತ್ತಾರೆ. ಇರಬಹುದು. ಟಿಎನ್ 29ರ ವಿಷಯವನ್ನು ಅವರಿಗೆ ನಾನು ಹೇಳಿರಲಿಲ್ಲ. ಊರಿನಲ್ಲಿ ಯಾರೋ ಹೇಳಿದ್ದರು. ಒಮ್ಮೆ ಆಸ್ಪತ್ರೆಯಿಂದ ಕರೆದುಕೊಂಡು ಬರುವಾಗ ಕಾರಿನಲ್ಲಿ ಕೇಳಿದರು, "ಆ ಲಾರಿಯವನ ಊರು ಯಾವುದು, ಕೇಳಿದೆಯಾ?" ಕೇಳಿರಲಿಲ್ಲ. ನಂಬರು ಗೊತ್ತಿದ್ದರೆ ಹುಡುಕಬಹುದು, ಧರ್ಮಪುರಿ ದೊಡ್ಡ ಊರಲ್ಲ, ಲಾರಿ ಸ್ಟ್ಯಾಂಡಿನಲ್ಲಿ ಕೇಳಿದರೆ ಹೇಳುತ್ತಾರೆ ಎಂದರು.

ಕಳೆದ ವರ್ಷ ಮಾಮನ ಮಗನ ಜೊತೆ ನಾನೂ ಸೇಲಂಗೆ ಹೋದೆ. ಬರುವಾಗ ಧರ್ಮಪುರಿಯಲ್ಲಿ ಲಾರಿಗಳು ನಿಲ್ಲುವಲ್ಲಿ ಇಳಿದು ಅರ್ಧ ಗಂಟೆ ವಿಚಾರಿಸಿದೆವು. ನನಗೆ ಗೊತ್ತಿದ್ದದ್ದು ನಂಬರಿನ ಕೊನೆಯ ಎರಡು ಅಂಕಿ, ಹಸಿರು ಬಣ್ಣದ ಕ್ಯಾಬಿನ್, ಐವತ್ತು ದಾಟಿದ ಮನುಷ್ಯ. ಅಲ್ಲಿನ ಚಾಲಕರು ಚಾ ಕುಡಿಸಿದರು. 2016ರಲ್ಲಿ ಮಂಗಳೂರಿನ ಕಡೆ ಪೆಟ್ಟು ತಿಂದವರು ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಒಬ್ಬ ಹುಡುಗ, ಹೌದು, ನಾನು ಕೇಳಿದ್ದೇನೆ, ಅಲ್ಲಿ ನಮ್ಮವರು ಮೂವರನ್ನು ಲಾರಿಯೊಳಗೇ ಸುಟ್ಟರಂತೆ ಎಂದ. ಇಲ್ಲ, ಹಾಗಾಗಲಿಲ್ಲ, ನಾನು ಅಲ್ಲೇ ಇದ್ದೆ ಎಂದೆ. ಅವನು ನನ್ನನ್ನು ನೋಡಿದ ರೀತಿ ನನಗೆ ಪರಿಚಯದ್ದು.